ಸರ್ವಿಸ್ ಚಾರ್ಜ್ ಕಟ್ಟಿದ ಮೇಲೂ ಸಪ್ಲೈಯರ್‌ಗೆ ಟಿಪ್ಸ್ ಕೊಡಬೇಕಾ?

ಮೊದಲನೆಯದಾಗಿ, ಸರ್ವಿಸ್ ಚಾರ್ಜ್ ಕಟ್ಟಲೇಬೇಕು ಅಂತೇನಿಲ್ಲ. ಹೋಟೆಲ್‌ನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಲ್ಲಿ ಕಂಡರೆ ತೆಗೆಸಿ ಅಂತ ಕೇಳಿ, ಸಂಕೋಚ ಬೇಡ. ಆ ದುಡ್ಡು ಹೋಗುವುದು ಮಾಲೀಕರ ಖಾತೆಗೆ, ಅದರಲ್ಲಿ ಕೆಲಸದವರಿಗೆ ಎಷ್ಟು ಹಂಚಿದರು ಅಂತ ನಮಗೆ ಗೊತ್ತಾಗುವುದಿಲ್ಲ ಅಲ್ವಾ? ಇನ್ನು, ಟಿಪ್ಸ್ ಸಂಬಳ ಅಲ್ಲ. ಹೋಟೆಲ್ ಕೆಲಸಕ್ಕೂ ಕರ್ನಾಟಕದಲ್ಲಿ ಕನಿಷ್ಠ ವೇತನ ನಿಗದಿಯಾಗಿದೆ, ಅದನ್ನು ಕೊಡಬೇಕಾದವರು ಮಾಲೀಕರೇ. ಆದರೂ ನಾನು ಕೊಡುತ್ತೇನೆ. ಸೋಂಪಿನ ತಟ್ಟೆಯಲ್ಲಿ ಬಿಟ್ಟು ಬರುವುದಿಲ್ಲ, ಬಡಿಸಿದವರ ಕೈಗೇ 20ರದ್ದೋ 50ರದ್ದೋ ನೋಟು ಕೊಡುತ್ತೇನೆ. ಬಕೆಟ್ ಹಿಡಿದು ಟೇಬಲ್ ಒರೆಸುವವರಿಗೂ ಅಷ್ಟೇ, ಅವರನ್ನು ಜಾಸ್ತಿ ಜನ ನೋಡುವುದೇ ಇಲ್ಲ.