ವಿಮೆಯವರು ಹೇಳಿದರು ಅಂತ ಔಷಧಿ ಬದಲಿಸಬೇಕಾ?

ಪ್ರಶ್ನೆ: ನನ್ನ ಊರು ಧಾರವಾಡ, ಕೆಲಸ ಹಿಂಜವಡಿಯಲ್ಲಿ. ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಪಾಸಿಟಿವ್. ಡಾಕ್ಟರು ಒಸಿಮರ್ಟಿನಿಬ್ ಗುಳಿಗೆ ಬರೆದಿದ್ದಾರೆ. ಒಂದು ತಿಂಗಳ ಗುಳಿಗೆಗೆ ನನ್ನ ಸಂಬಳ ಸಾಲದು. ಆಫೀಸಿನ ಗ್ರೂಪ್ ಪಾಲಿಸಿಯವರು ಗುಳಿಗೆ ಕಿಮೋಗೆ ಮಿತಿ ಇದೆ ಅಂತಾರೆ. ಇಂಜೆಕ್ಷನ್ ಕಿಮೋ ಆದರೆ ಪೂರ್ತಿ ಕ್ಯಾಶ್‌ಲೆಸ್ ಅಂತೆ. ಡಾಕ್ಟರಿಗೆ ಹೇಳಿ ಇಂಜೆಕ್ಷನ್‌ಗೆ ಬದಲಿಸೋಣವೇ?
ಓದುಗರೊಬ್ಬರು, ಪುಣೆ

ಉತ್ತರ: ದಯವಿಟ್ಟು ಬೇಡ. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇರುವ ಗೆಡ್ಡೆಗೆ ಬರೀ ಇಂಜೆಕ್ಷನ್ ಕಿಮೋಗಿಂತ ಸಾಮಾನ್ಯವಾಗಿ ಇಂಥ ಗುಳಿಗೆಯೇ ಮೊದಲ ಆಯ್ಕೆ. ಇಂಜೆಕ್ಷನ್ ಮಾತು ಆಡಿದವರು ನಿಮ್ಮಪ್ಪನ ಸ್ಕ್ಯಾನ್ ನೋಡಿ ಆಡಿದ್ದಲ್ಲ, ಪಾಲಿಸಿಯ ಕಾಲಂ ನೋಡಿ ಆಡಿದ್ದು.

ನಮ್ಮಲ್ಲಿ ಆರೋಗ್ಯ ವಿಮೆ ಬೆಳೆದಿದ್ದೇ ಆಸ್ಪತ್ರೆಯ ಹಾಸಿಗೆ ಸುತ್ತ. ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಬಂದರೂ ಡೇ ಕೇರ್ ಅಂತ ಹಣ ಸಿಗುತ್ತದೆ. ಅದೇ ರೋಗಕ್ಕೆ ಮನೆಯಲ್ಲಿ ಗುಳಿಗೆ ನುಂಗಿದರೆ ತಕರಾರು. ವಿಚಿತ್ರ ಅಲ್ವಾ? 2019ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ 12 ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದಿತು. ಗುಳಿಗೆ ಕಿಮೋ ಅದರಲ್ಲಿದೆ. ಆದರೆ ಮಿತಿ ಹಾಕುವ ದಾರಿ ಬಿಟ್ಟುಕೊಟ್ಟಿತು. ನೀವು ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಆ ಮಿತಿ ಪಾಲಿಸಿಯಲ್ಲಿ ಬರೆದಿದೆಯಾ? ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ, ಯಾವ ಕಲಂ ಅಂತ ಈಮೇಲ್‌ನಲ್ಲಿ ಕೇಳಿ. ಒಸಿಮರ್ಟಿನಿಬ್ ಕಿಮೋ ಅಲ್ಲ, ಟಾರ್ಗೆಟೆಡ್ ಥೆರಪಿ (ಆ ಜೀನ್ ಬದಲಾವಣೆಯನ್ನೇ ಗುರಿಯಾಗಿಸುವ ಔಷಧಿ) ಅಂತ ವಾದಿಸಲು ಕೆಲವರು ಸಲಹೆ ಕೊಡಬಹುದು. ಮಾತು ಸರಿಯೇ. ಆದರೆ ಅದು ಎರಡಲಗಿನ ಕತ್ತಿ: ಕಿಮೋ ಅಲ್ಲದಿದ್ದರೆ ಆಸ್ಪತ್ರೆಗೆ ಸೇರದೆ ತಗೊಳ್ಳುವ ಒಪಿಡಿ ಗುಳಿಗೆ, ಏನೂ ಕೊಡಲ್ಲ ಅಂದುಬಿಟ್ಟಾರು. ಪಾಲಿಸಿಯ ಮಾತುಗಳನ್ನು ಓದದೆ ಆ ವಾದ ಎತ್ತಬೇಡಿ.

ಬಯಾಪ್ಸಿಗೆ ಅಪ್ಪ ಅಡ್ಮಿಟ್ ಆಗಿದ್ದರೆ, ಡಿಸ್ಚಾರ್ಜ್ ನಂತರದ ಔಷಧಿಗೂ ಪಾಲಿಸಿಯಲ್ಲಿ ಇಷ್ಟು ದಿನ ಅಂತ ಇರುತ್ತದೆ. ಆ ಬಿಲ್ಲುಗಳನ್ನು ಬಿಡಬೇಡಿ. ಎಚ್‌ಆರ್ ಹತ್ತಿರ ಕಾರ್ಪೊರೇಟ್ ಬಫರ್ ಇದೆಯಾ ಕೇಳಿ. ಇಂಥ ಪರಿಸ್ಥಿತಿಗೆ ಅಂತಲೇ ಕೆಲವು ಕಂಪನಿಗಳು ಇಡುವ ಹೆಚ್ಚುವರಿ ಹಣ ಅದು. ಕೇಳದವರಿಗೆ ಯಾರೂ ಹೇಳುವುದಿಲ್ಲ.

ಬೆಲೆಯ ಕಡೆಯೂ ಎಳೆಯಿರಿ. 2024ರ ಬಜೆಟ್‌ನಲ್ಲಿ ಈ ಗುಳಿಗೆಯ ಆಮದು ಸುಂಕ ತೆಗೆದರು. ಆದರೂ ಪೇಟೆಂಟ್ ಇರುವುದರಿಂದ ದುಬಾರಿಯೇ. ಇಂಥ ಔಷಧಿ ಮಾಡುವ ಕಂಪನಿಗಳು ರೋಗಿಗಳಿಗೆ ನೆರವು ಯೋಜನೆ ನಡೆಸುವುದುಂಟು. ಅರ್ಜಿಗೆ ಡಾಕ್ಟರ ಸಹಿ ಬೇಕು. ಅದೂ ಆಗದಿದ್ದರೆ, ಇದೇ ಗುಂಪಿನ ಹಳೆಯ ಗುಳಿಗೆ ಜೆಫಿಟಿನಿಬ್ ಜೆನೆರಿಕ್‌ನಲ್ಲಿ ತುಂಬಾ ಕಡಿಮೆಗೆ ಸಿಗುತ್ತದೆ. ಅದು ನಿಮ್ಮಪ್ಪನಿಗೆ ಸಾಕಾಗುತ್ತದಾ ಎಂದು ಡಾಕ್ಟರನ್ನೇ ಕೇಳಿ. ಖರ್ಚಿನ ಮಾತು ಆಡಲು ಸಂಕೋಚ ಬೇಡ. ಅನುಮಾನವಿದ್ದರೆ ಮುಂಬೈ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ತಗೊಳ್ಳಿ. ಆ ಪತ್ರ ವಿಮೆಯವರ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಪಾಲಿಸಿಯಲ್ಲಿಲ್ಲದ ಮಿತಿ ಹಾಕಿದ್ದಾರೆ ಅನಿಸಿದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರು ಬಗೆಹರಿಸುವ ಅಧಿಕಾರಿ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಪುಣೆಯಲ್ಲೇ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. ಗ್ರೂಪ್ ಪಾಲಿಸಿಯ ದೂರನ್ನೂ ಕೇಳುತ್ತಾರೆ. ಈ ಓಡಾಟದ ನಡುವೆ ಗುಳಿಗೆ ಮಾತ್ರ ಒಂದು ದಿನವೂ ನಿಲ್ಲಿಸಬೇಡಿ.