ಮಾ ಬು ಆದ ಮೇಲೆ ಚೀ ಹರಿಸುವ ಅಭ್ಯಾಸ ಯಾವಾಗ ಶುರು ಮಾಡಬಹುದು?

ಆರು ತಿಂಗಳಿಂದ ಮಾ ಬು, ಅಂದರೆ ಚೀನೀ ಸಮರಕಲೆಯಲ್ಲಿ ಕುದುರೆ ಏರಿದವರ ಹಾಗೆ ಮಂಡಿ ಬಗ್ಗಿಸಿ ತಗ್ಗಿ ನಿಲ್ಲುವ ಭಂಗಿ, ನಿಲ್ಲುತ್ತಿದ್ದೀರಿ. ಅಂಗೈ ಬಿಸಿಯಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ನಿಂತು ಮುಗಿಸಿದ ತಕ್ಷಣ ಕೂತು ಶಿಯಾವ್ ಜೋ ತಿಯೆನ್, ಅಂದರೆ ಚೀ (ಮೈಯೊಳಗಿನ ಪ್ರಾಣಶಕ್ತಿ) ಬೆನ್ನಿನಲ್ಲಿ ಏರಿಸಿ ಮುಂದೆ ಇಳಿಸುವ ಅಭ್ಯಾಸ, ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬೇಡಿ. ನಾನು ಯಾರನ್ನೂ ಕೇಳದೆ ಮಾಡಿದವನು.

ಆಗ ಕೆಲಸದ ಮೇಲೆ ಬೀಜಿಂಗ್‌ನಲ್ಲಿದ್ದೆ. ಟೆಂಪಲ್ ಆಫ್ ಹೆವನ್ ಪಾರ್ಕಿನ ಹಳೇ ಸೈಪ್ರೆಸ್ ಮರಗಳ ಕೆಳಗೆ ವಯಸ್ಸಾದ ಷಿಫು (ಗುರು) ಒಬ್ಬರು ಯಿ ಚುವಾನ್ ಎಂಬ ಸಮರಕಲೆ ಕಲಿಸುತ್ತಿದ್ದರು. ಇದು ವಾಂಗ್ ಶಿಯಾಂಗ್‌ಜಾಯ್ 1920ರ ದಶಕದಲ್ಲಿ ಶಿಂಗ್‌ಯಿ ಎಂಬ ಇನ್ನೊಂದು ಸಮರಕಲೆಯಿಂದ ಬೆಳೆಸಿದ ಪದ್ಧತಿ. ವರಸೆಗಳನ್ನೆಲ್ಲ ತೆಗೆದುಹಾಕಿ, ಜಾನ್ ಜುವಾಂಗ್ ಅಂದರೆ ಅಲ್ಲಾಡದೆ ನಿಲ್ಲುವುದನ್ನೇ ಅವರು ಬುನಾದಿ ಮಾಡಿದರು. ಹಾಗಾಗಿ ಬೆಳಿಗ್ಗೆ ಪೂರ್ತಿ ನಿಲ್ಲುವುದೇ ಕೆಲಸ. ಮಂಡಿ ಸ್ವಲ್ಪ ಬಗ್ಗಿಸಿ, ಎದೆ ಮುಂದೆ ಕೈ ದುಂಡಗೆ ಹಿಡಿದು ನಿಲ್ಲಬೇಕು. ಷಿಫು ಬಂದು ಭುಜ ತಟ್ಟಿ ಇಳಿಸುತ್ತಿದ್ದರು, ಹೋಗುತ್ತಿದ್ದರು. ಚೀ ಬಗ್ಗೆ ಒಂದು ಮಾತೂ ಇಲ್ಲ. ಹೊರಗಿನವನು ಅಂತ ನನಗೆ ಹೇಳದೆ ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಎಂಥ ಜಂಬ ನೋಡಿ!

ಹಾಗಾಗಿ ವಿಡಿಯೋ ನೋಡಿ ಶಿಯಾವ್ ಜೋ ತಿಯೆನ್ ನಾನೇ ಕಲಿತೆ. ನಾಲಗೆ ಅಂಗುಳಕ್ಕೆ ತಾಗಿಸುವುದು, ಹೊಕ್ಕುಳ ಕೆಳಗಿನ ದಾನ್‌ತಿಯೆನ್‌ನಿಂದ ಗಮನವನ್ನು ಬಾಲಮೂಳೆಗೆ ತಂದು, ಬೆನ್ನಿನ ದು ಮಾಯ್ ದಾರಿಯಲ್ಲಿ ನೆತ್ತಿಗೆ ಏರಿಸಿ, ಮುಂದಿನ ರೆನ್ ಮಾಯ್ ದಾರಿಯಲ್ಲಿ ಇಳಿಸುವುದು. ಇಷ್ಟೇ ಮಾಡಿದ್ದರೆ ಬಹುಶಃ ಬರೀ ಬೇಜಾರಾಗುತ್ತಿತ್ತು. ಆದರೆ ಚಿಕ್ಕಂದಿನಲ್ಲಿ ಕಲಿತ ಪ್ರಾಣಾಯಾಮ ನೆನಪಿತ್ತಲ್ಲ, ಅದರ ಕುಂಭಕವನ್ನೂ ಸೇರಿಸಿದೆ. ಉಸಿರು ಒಳಗೆ ಕಟ್ಟಿ, ಕೆಳಗಿನಿಂದ ಬಿಗಿದು, ಮೇಲಕ್ಕೆ ದೂಡುವುದು.

ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿಡಿಯೋದವರು ಹೇಳುವುದಿಲ್ಲ. ತಗ್ಗಿ ನಿಂತಾಗ ತೊಡೆ ಸ್ನಾಯುಗಳು ಬಿಡುವಿಲ್ಲದೆ ಬಿಗಿದಿರುತ್ತವೆ. ಹಾಗೆ ಬಿಗಿದಾಗ ರಕ್ತದೊತ್ತಡ ಏರುತ್ತದೆ, ಎದೆ ಜೋರಾಗಿ ಬಡಿಯುತ್ತದೆ. ಅದು ಇಳಿಯುವ ಮೊದಲೇ ಕೂತು ಉಸಿರು ಕಟ್ಟಿ ತಿಣುಕಿದರೆ ಎದೆಯೊಳಗೆ ಒತ್ತಡ ಹೆಚ್ಚುತ್ತದೆ. ತಲೆಯಿಂದ ವಾಪಸ್ ಬರುವ ರಕ್ತಕ್ಕೆ ತಡೆಯಾಗುತ್ತದೆ, ಮುಖ ಕೆಂಪಾಗುತ್ತದೆ, ನೆತ್ತಿ ಬಿಗಿಯುತ್ತದೆ. ನಾನು ಅದನ್ನೇ ಚೀ ನೆತ್ತಿ ಮುಟ್ಟಿತು ಅಂದುಕೊಂಡು ಖುಷಿಪಟ್ಟೆ! ಖುಷಿಯಾದ್ದರಿಂದ ಇನ್ನೂ ಜಾಸ್ತಿ ತಿಣುಕಿದೆ. ಕೆಲವು ವಾರಗಳಲ್ಲಿ ಆ ಬಿಗಿತ ಇಡೀ ದಿನ ಇರತೊಡಗಿತು. ರಾತ್ರಿ ನಿದ್ದೆ ಇಲ್ಲ. ಮಲಗಿದರೆ ಕಿವಿಯಲ್ಲಿ ಎದೆಬಡಿತ ಕೇಳುತ್ತಿತ್ತು. ಆಫೀಸಿನಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ.

ಕೊನೆಗೆ ಷಿಫುಗೆ ಹೇಳಿದೆ. ಜೋ ಹುವೊ ರು ಮೊ ಅಂದು ನಕ್ಕರು. ಅಡ್ಡದಾರಿ ಹಿಡಿದ ಚೀಗೊಂಗ್‌ಗೆ, ಅಂದರೆ ಚೀ ಸಾಧನೆಗೆ, ಚೀನಾದಲ್ಲಿ ಹೀಗೆ ಹೇಳುತ್ತಾರೆ. ಇದು ಬರೀ ಅಜ್ಜಿಕಥೆ ಅಲ್ಲ. 1994ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-4ರಲ್ಲೂ ಚೀಗೊಂಗ್‌ನಿಂದ ಕೆಲವರಿಗೆ ಆಗುವ ಮಾನಸಿಕ ಏರುಪೇರಿನ ಉಲ್ಲೇಖವಿದೆ. ನನ್ನದು ಅಷ್ಟು ದೂರ ಹೋಗಿರಲಿಲ್ಲ. ಕೂತು ಮಾಡುವುದನ್ನೆಲ್ಲ ನಿಲ್ಲಿಸಿ ನಡೆ ಅಂದರು. ನಡೆದೆ. ನಿದ್ದೆ ಬರಲು ಚಳಿಗಾಲ ಪೂರ್ತಿ ಹಿಡಿಯಿತು.

ಈಗ ನಿಮ್ಮ ಪ್ರಶ್ನೆಗೆ. ನಿಂತಿದ್ದು ಒಂದು ಪಾಠ, ಚೀ ಹರಿಸುವುದು ಅದರ ಮುಂದಿನ ಪಾಠ ಅಂತ ನೀವು ಅಂದುಕೊಂಡಿರುವುದೇ ಸರಿ ಇಲ್ಲ. ಯಿ ಚುವಾನ್‌ನಲ್ಲಿ ನಿಲುವಿನ ನಂತರ ಬರುವುದು ಷಿ ಲಿ. ನಿಂತಾಗ ಮೈಯಲ್ಲಿ ಇದ್ದ ಹದ ಕೆಡದಂತೆ ಕೈಗಳನ್ನು ತುಂಬ ನಿಧಾನವಾಗಿ ಮುಂದೆ ತಳ್ಳುವುದು, ಹಿಂದೆ ಎಳೆಯುವುದು. ಆಮೇಲೆ ಮೊ ಚಾ ಬು, ಅಂದರೆ ಪಾದವನ್ನು ನೆಲಕ್ಕೆ ಸವರಿದ ಹಾಗೆ ಸರಿಸುತ್ತಾ ನಡೆಯುವುದು. ಹರಿಯುವುದು ಏನಾದರೂ ಇದ್ದರೆ ಅಲ್ಲೇ ಹರಿಯುತ್ತದೆ. ಭುಜ ಎಲ್ಲಿ ಸಿಕ್ಕಿಕೊಂಡಿದೆ, ಸೊಂಟ ಎಲ್ಲಿ ಬಿಗಿದಿದೆ ಅಂತ ಚಲನೆಯಲ್ಲಿ ತಕ್ಷಣ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಕೂತರೆ ನಮಗೆ ಬೇಕಾದ್ದೇ ಕಾಣಿಸುತ್ತದೆ, ಅಲ್ವಾ? ಶಿಯಾವ್ ಜೋ ತಿಯೆನ್ ಸುಳ್ಳು ಅನ್ನುತ್ತಿಲ್ಲ. ಅದು ಚೀನಾದ ದಾವೋ ಪಂಥದ ಸಾಧಕರ ಬೇರೆಯೇ ದಾರಿ. ಎದುರಿಗೆ ಗುರು ಇಲ್ಲದೆ ಬೇಡ.

ಬೆರಳು ಜುಮ್ಮೆನ್ನುವುದನ್ನೂ ದೊಡ್ಡದು ಮಾಡಬೇಡಿ. ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮ್ಮೆನ್ನುತ್ತವೆ. ಕಾಲು ನಡುಗುವುದು ಸ್ನಾಯು ಸೋತದ್ದಕ್ಕೆ.

ನಿಂತು ಮುಗಿದ ಮೇಲೆ ಶೋ ಗೊಂಗ್, ಅಂದರೆ ಅಭ್ಯಾಸ ಮುಗಿಸುವ ಕ್ರಮ, ತಪ್ಪಿಸಬೇಡಿ. ನಿಧಾನವಾಗಿ ಎದ್ದು, ಎರಡೂ ಅಂಗೈ ಹೊಟ್ಟೆ ಮೇಲಿಟ್ಟು ಉಸಿರು ಸಹಜಕ್ಕೆ ಬರುವವರೆಗೆ ಇರಿ. ಆಮೇಲೆ ನಡೆಯಿರಿ. ಥಟ್ಟನೆ ನಿಲ್ಲಿಸಿದರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಬಹುದು. ಈಗಾಗಲೇ ಕೂತು ಮಾಡಲು ಶುರು ಮಾಡಿ ತಲೆಭಾರ, ನಿದ್ದೆಗೇಡು ಇದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರ್ ಹತ್ತಿರ ಬಿಪಿ ತೋರಿಸಿ. ನಿಮ್ಮ ಮಾ ಬುನಲ್ಲಿ ತೊಡೆ ನೆಲಕ್ಕೆ ಎಷ್ಟು ತಗ್ಗಿರುತ್ತದೆ ಅಂತ ಬರೆಯಿರಿ. ತೀರಾ ತಗ್ಗಿದ್ದರೆ ಮೊದಲು ಅದನ್ನು ಎತ್ತರಿಸಬೇಕು.