ಮದುವೆಗೆ ಮೊದಲೇ ಮಗುವೇ?

ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯವರಾದ ನಿಮ್ಮ ಅಳಿಯನ ಪೂರ್ವಿಕರ ಬಗ್ಗೆ ಎರಡು ವಿಷಯ ಕೇಳಿದ್ದೀರಿ. ಒಂದೇ ಚರ್ಚಿನ ಪುಸ್ತಕದಲ್ಲಿ ಮದುವೆ ಮೇ 1731, ಮಗುವಿನ ದೀಕ್ಷಾಸ್ನಾನ ಫೆಬ್ರವರಿ 1731 ಎಂದಿದೆ, ಅದು ಹೇಗೆ? ಆ ಮಗುವಿನ ಅಪ್ಪನ ಉಯಿಲು ಎಲ್ಲಿ ಸಿಗುತ್ತದೆ?

ಮೊದಲನೆಯದಕ್ಕೆ ಗಾಬರಿ ಬೇಡ. ಇಂಗ್ಲೆಂಡಿನಲ್ಲಿ ಆಗ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ! ಜನವರಿ 1ಕ್ಕೆ ಬಂದದ್ದು 1752ರಲ್ಲಿ. ಹಾಗಾಗಿ ಪಾದ್ರಿ ಬರೆದ ಫೆಬ್ರವರಿ 1731 ನಮ್ಮ ಲೆಕ್ಕಕ್ಕೆ 1732. ಸರಿಯಾಗಿ ಒಂಬತ್ತು ತಿಂಗಳು. ಹಿಂದಿನ ಪುಟ ತಿರುವಿ ನೋಡಿ, ಡಿಸೆಂಬರ್ 1731 ಮುಗಿದ ಮೇಲೇ ಈ ನಮೂದು ಇರಬೇಕು. ವಂಶವೃಕ್ಷದಲ್ಲಿ 1731/32 ಎಂದೇ ಬರೆದುಕೊಳ್ಳಿ.

ಉಯಿಲಿನದು ಸ್ವಲ್ಪ ಅಲೆದಾಟ. 1858ರ ಜನವರಿವರೆಗೆ ಅವನ್ನು ಮಾನ್ಯ ಮಾಡುತ್ತಿದ್ದದ್ದು ಚರ್ಚಿನ ಕೋರ್ಟುಗಳು. ಮೊದಲು ಆರ್ಚ್‌ಡೀಕನ್ (ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ) ಕೋರ್ಟು, ಆಮೇಲೆ ನಾರಿಚ್ ಬಿಷಪ್ಪರ ಕೋರ್ಟು ನೋಡಿ. ಎರಡರ ಕಡತಗಳೂ ನಾರ್ಫೋಕ್ ರೆಕಾರ್ಡ್ ಆಫೀಸಿನಲ್ಲಿವೆ. ಆಸ್ತಿ ಬೇರೆ ಬಿಷಪ್ಪರ ವ್ಯಾಪ್ತಿಯಲ್ಲೂ ಇದ್ದರೆ ಅವರಿಗೂ ಮೇಲಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಕೋರ್ಟು. ಅದರ ಉಯಿಲುಗಳು ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಪ್ರಾಬ್ 11 (PROB 11) ಎಂಬ ಕಡತ ಸರಣಿಯಲ್ಲಿವೆ. ಸತ್ತ ವರ್ಷವೊಂದನ್ನೇ ನೋಡಿ ಕೈಬಿಡಬೇಡಿ, ಕೆಲವು ಎಷ್ಟೋ ವರ್ಷ ತಡವಾಗಿ ಕೋರ್ಟಿಗೆ ಬಂದಿವೆ.

ಸಿಕ್ಕರೆ ನೆಂಟಸ್ತಿಕೆಯ ಪದಗಳನ್ನು ಈಗಿನ ಅರ್ಥದಲ್ಲಿ ಓದಬೇಡಿ. 'ಕಸಿನ್' ಅಣ್ಣನ ಮಗನೂ ಇರಬಹುದು, 'ಸನ್ ಇನ್ ಲಾ' ಹೆಂಡತಿಯ ಮೊದಲ ಗಂಡನ ಮಗನೂ ಇರಬಹುದು. ಆ ವಾಕ್ಯ ಇಲ್ಲಿ ಹಾಕಿ, ನೋಡೋಣ.